ನಾಲ್ಕು ಬೆರಳು ಮದ್ದು

ನಾನು ಹಳೇ ಸಾಮಾನು ಕೊಂಡು ಮಾರಿ ಬದುಕಿದವನು. ಸಿಡ್ನಿಯ ಲಿವರ್‌ಪೂಲ್‌ನಲ್ಲಿ ಹೋಟೆಲ್ ಪಾತ್ರೆ ತೊಳೆಯುತ್ತಿದ್ದವನು ಮೆಲ್ಬರ್ನಿನ ಕ್ರಾನ್‌ಬರ್ನ್‌ನಲ್ಲಿ ಅಂಗಡಿ ಹಾಕುವ ಮಟ್ಟಕ್ಕೆ ಬಂದದ್ದು ಚೌಕಾಶಿಯಿಂದಲೇ.

ಊರಿನ ಕಡವೆಯೇ ಯಾವ ಕಾಲದಲ್ಲೋ ಹಡಗಿನಲ್ಲಿ ಬಂದು ಇಲ್ಲಿಯ ಗಿಪ್ಸ್‌ಲ್ಯಾಂಡ್ ಕಾಡಿನಲ್ಲಿ ಮಂದೆಯಾಗಿ ಬೆಳೆದಿದೆ ಎಂದು ತಿಳಿದಾಗ ನನಗೆ ತಡೆಯಲಾಗಲಿಲ್ಲ. ಲೈಸೆನ್ಸ್ ಮಾಡಿಸಿ, ನಳಿಗೆಯ ಬಾಯಿಂದ ಮದ್ದು ತುಂಬುವ ರೈಫಲ್ ಒಂದನ್ನು ಸೆಕೆಂಡ್‌ಹ್ಯಾಂಡ್ ಕೊಂಡೆ. ಮಂಗಳೂರು ಕಡೆಯ ಕೇಪಿನ ಕೋವಿಯ ಅಣ್ಣ ಅದು. ಭಾರದ ಉದ್ದ ಗುಂಡು ಒಂದು ಪೆಟ್ಟಿಗೆ ತಂದೆ. ಮದ್ದು ಮಾತ್ರ ಅರ್ಧ ಬೆಲೆಗೆ ಸಿಕ್ಕಿದ್ದು, ಸಕ್ಕರೆಗಿಂತ ನುಣ್ಣಗಿತ್ತು.

“ಅರ್ಧ ಬೆಲೆಗೆ ಸಿಗ್ತದೆ ಅಂದ್ರೆ ನೀವು ವಿಷವನ್ನೂ ತರ್ತೀರಿ ಮಾರಾಯ್ರೆ” ಎಂದಳು ಹೆಂಡತಿ.

“ಮದ್ದು ಅಂದ್ರೆ ಮದ್ದು. ನನ್ನ ಅಪ್ಪನಿಗೆ ಅಂಗಡಿಯವನು ಕಾಗದದಲ್ಲಿ ಕಟ್ಟಿ ಕೊಡ್ತಿದ್ದ, ಹೆಸರೂ ಇರ್ಲಿಲ್ಲ” ಎಂದೆ.

ಗದ್ದೆಗೆ ನುಗ್ಗುವ ಹಂದಿ ಓಡಿಸಲು ಅಪ್ಪ ಕೋವಿ ತುಂಬುತ್ತಿದ್ದುದನ್ನು ನೂರು ಸಲ ನೋಡಿದ್ದೆ. ಅಳತೆಯ ಪಾತ್ರೆ ಎಲ್ಲಿಯದು? ಮದ್ದು ಸುರಿದು, ಗಜವೆಂಬ ಉದ್ದ ಸರಳಿನಿಂದ ಜಡಿದು, ಖಾಲಿ ನಳಿಗೆಯಲ್ಲಿ ಬಾಯಿಗೆ ಸಮ ನಿಲ್ಲುವ ಆ ಗಜ ಈಗ ಎಷ್ಟು ಬೆರಳು ಹೊರಗೆ ನಿಂತಿತೆಂದು ನೋಡುವುದು. ಹಂದಿಗೆ ನಾಲ್ಕು ಬೆರಳು. ಆ ಲೆಕ್ಕ ತಪ್ಪಿದ್ದು ನಾನು ಕಂಡಿರಲಿಲ್ಲ.

ಶೂಟಿಂಗ್ ರೇಂಜಿನಲ್ಲಿ ಹಾಗೆಯೇ ತುಂಬಿದೆ. ಗಜದ ಪಕ್ಕ ನಾಲ್ಕು ಬೆರಳಿಟ್ಟು ನೋಡಿ ಖುಷಿಪಟ್ಟು, ಮೇಲಿಂದ ಗುಂಡು ಜಡಿದೆ. ಇನ್ನೇನು ಕಿಡಿ ಹೊತ್ತಿಸುವ ಕೇಪು ಇಡಬೇಕು, ಪಕ್ಕದ ಮೇಜಿನ ಮುದುಕ ಬಂದು ಕೇಪಿಗೆ ಬಡಿಯುವ ಕುದುರೆಯ ಮೇಲೆ ಅಂಗೈಯನ್ನೇ ಇಟ್ಟುಬಿಟ್ಟ. ಮರ ಕಡಿದು ರಿಟೈರ್ ಆದವನು, ಅಗಲವಾದ ಕೈ.

“ಮೇಟ್, ಈಗ ಬೆರಳಲ್ಲಿ ಅಳೆದೆಯಾ?”

“ನನ್ನಪ್ಪ ಹಾಗೇ ಅಳೀತಿದ್ದ.”

“ನಿನ್ನಪ್ಪನ ಕೋವಿ ಇದಾ? ನಿನ್ನಪ್ಪನ ಮದ್ದು ಇದಾ?”

ಅವನು ಗಜದ ತುದಿಗೆ ಸ್ಕ್ರೂ ಹಾಕಿ, ಬೆವರುತ್ತಾ ಗುಂಡನ್ನು ಹೊರಗೆ ಎಳೆದ. ಮದ್ದನ್ನು ಕಾಗದದ ಮೇಲೆ ಸುರಿದು ತನ್ನ ಹಿತ್ತಾಳೆಯ ಅಳತೆಗೆ ತುಂಬಿದ. ಈ ರೈಫಲ್ ತಡೆಯುವುದೇ ಅಷ್ಟು, ಒಂದು ಅಳತೆ. ಎರಡು ಸಲ ತುಂಬಿದರೂ ಕಾಗದದ ಮೇಲೆ ಉಳಿದಿತ್ತು. ಅದೂ ಪಿಸ್ತೂಲಿಗೆ ಹಾಕುವ ನುಣ್ಣನೆಯ ಮದ್ದು, ದಪ್ಪ ಹರಳಿನದಕ್ಕಿಂತ ಬೇಗ ಉರಿದು ಜೋರಾಗಿ ಒತ್ತುವಂಥದ್ದು. ಮುಂದೆ ಭಾರದ ಗುಂಡು ಅಡ್ಡ ಕೂತಿದೆ. ಅಪ್ಪನದು ಒರಟು ಮದ್ದು, ಅಗಲ ನಳಿಗೆ, ಹಗುರ ಸೀಸದ ಚರೆಕಾಳು.

“ಗುಂಡು ಒಳ್ಳೇದು, ಕಡವೆಗೆ ಅದೇ ಬೇಕು. ಮದ್ದು ತಪ್ಪು, ಅಳತೆ ಇನ್ನೂ ತಪ್ಪು. ನನ್ನ ಭಾವನ ಒಂದು ಕಣ್ಣು ಹೀಗೇ ನಳಿಗೆ ಸಿಡಿದು ಹೋಯ್ತು.”

ಗುಂಡು ಹಾರಿಸುವಾಗ ನನ್ನ ಕೆನ್ನೆ ಆ ಹಿಡಿಗೆ ಆನಿಕೊಳ್ಳಬೇಕಿತ್ತು. ಅರ್ಧ ಬೆಲೆಯ ಮದ್ದಿನ ಡಬ್ಬಿಯನ್ನು ಅವನ ಕಡೆಗೆ ತಳ್ಳಿದೆ.

ಅವನು ತನ್ನ ಡಬ್ಬಿಯ ದಪ್ಪ ಹರಳಿನ ಮದ್ದು ಕೊಟ್ಟ. ಮೊದಲು ಕಡಿಮೆ, ಆಮೇಲೆ ಸ್ವಲ್ಪ ಸ್ವಲ್ಪವೇ ಹೆಚ್ಚು, ರೈಫಲ್ ಮಾಡಿದವರು ಬರೆದ ಮಿತಿಯ ಒಳಗೇ. ಗುಂಡುಗಳು ಒಂದರ ಪಕ್ಕ ಒಂದು ಬೀಳುವವರೆಗೆ ನಾಲ್ಕು ಶನಿವಾರ ನನ್ನ ಜೊತೆ ನಿಂತ. ಹಿತ್ತಾಳೆಯ ಅಳತೆಯನ್ನೂ ಕೊಟ್ಟುಬಿಟ್ಟ. “ಎಷ್ಟು?” ಎಂದು ಕೇಳಿದೆ, ಅಭ್ಯಾಸ ನೋಡಿ. ನನ್ನನ್ನು ದುರುಗುಟ್ಟಿ ನೋಡಿ ಟೀ ಸುರಿದುಕೊಂಡ.

ನೀವೂ ಇಂಥದ್ದು ಕೊಳ್ಳುವವರಾದರೆ ಕೇಳಿ: ರೈಫಲ್‌ಗೆ ಚೌಕಾಶಿ ಮಾಡಿ, ಚೀಲಕ್ಕೆ ಮಾಡಿ, ಬೂಟಿಗೂ ಮಾಡಿ. ಮದ್ದಿಗೆ ಬೇಡ. ಅಪ್ಪನ ಬೆರಳು ಅಪ್ಪನ ಕೋವಿಗೆ.

ಆ ಚಳಿಗಾಲ ಒಂದೇ ಗುಂಡಿಗೆ ಕಡವೆ ಬಿತ್ತು. ಹತ್ತು ಹೆಜ್ಜೆಯೂ ಓಡಲಿಲ್ಲ, ನರಳಲಿಲ್ಲ. ಹಿಂದಿನ ತೊಡೆಯನ್ನು ಬಟ್ಟೆಯಲ್ಲಿ ಸುತ್ತಿ ಮುದುಕನ ಬಾಗಿಲಿಗೆ ಒಯ್ದೆ. ಅವನು ತೂಗಿ ನೋಡುವವನಂತೆ ಅದನ್ನು ಎತ್ತಿ ಹಿಡಿದ.

“ಎಷ್ಟು, ಮೇಟ್?”

ಅವನು ಉಳಿಸಿದ ನನ್ನ ಎರಡೂ ಕಣ್ಣು ತುಂಬಿಕೊಂಡವು.