ಅಡಿವೆವ್ವನ ಸಾದಿನ ಬೊಟ್ಟು

ಮಾಸೂರಿನ ಅಡಿವೆವ್ವ ದುಡಿಯುವುದು ಮದಗದ ಕೆರೆಯ ನೀರು ಹಾಯುವ ಗದ್ದೆಗಳಲ್ಲಿ. ಓಣಿಯ ಜನಕ್ಕೆ ಮಾತ್ರ ಅವಳು ಸಾದು ಮಾಡುವ ಅಡಿವೆವ್ವ. ಸಾಬೂದಾಣಿಯನ್ನು ಬಾಣಲೆಯಲ್ಲಿ ಕಪ್ಪಗೆ ಸೀಯಿಸಿ, ನೀರು ಹೊಯ್ದು, ಅಂಟಾಗುವವರೆಗೆ ಕುದಿಸಿ, ತೆಂಗಿನ ಕರಟದೊಳಗೆ ಪದರು ಪದರಾಗಿ ಒಣಗಿಸಿದರೆ ಅದೇ ಸಾದು. ಕೂಸಿಗೆ ದೃಷ್ಟಿಬೊಟ್ಟು ಇಡುವಾಗ ಕರಟಕ್ಕೆ ಹನಿ ನೀರು ಬಿಟ್ಟು ಬೆರಳಿನಿಂದ ತಿಕ್ಕಿದರಾಯಿತು. ಪೇಟೆಯಲ್ಲಿ ಕಾಡಿಗೆ ಡಬ್ಬಿ ಸಿಗುವುದಿಲ್ಲವೇ? ಸಿಗುತ್ತದೆ. ಆದರೂ ಬಾಣಂತಿ ಇದ್ದ ಮನೆಯವರೆಲ್ಲ ಅವಳ ಬಾಗಿಲಿಗೇ ಬರುತ್ತಿದ್ದರು. ಬೊಟ್ಟು ದುಂಡಗೆ, ಕಪ್ಪಗೆ ಕೂತಿತೆಂದರೆ ಅವಳ ಗತ್ತು ನೋಡಬೇಕು, ಆ ಕೂಸನ್ನು ಹೆತ್ತವಳೇ ತಾನೇನೋ ಎನ್ನುವ ಹಾಗೆ.

ಆ ಗತ್ತು ಒಂದು ದಿನ ಇಳಿದುಹೋಯಿತು. ಮಗಳು ಮಧುಶ್ರೀ ಮೊದಲ ಹೆರಿಗೆಗೆ ತವರಿಗೆ ಬಂದು ಕೂಸು ಹೆತ್ತಿದ್ದಳು. ಗದ್ದೆಗೆ ಹೊರಡುವ ಗಡಿಬಿಡಿಯಲ್ಲಿ ಅಡಿವೆವ್ವ ಕರಟಕ್ಕೆ ನೀರು ಹೆಚ್ಚು ಬಿಟ್ಟು, ತೆಳ್ಳಗಾದ ಸಾದನ್ನೇ ಕೂಸಿನ ಹಣೆಗಿಟ್ಟು ಹೋದಳು. ಮಧ್ಯಾಹ್ನ ಬಂದು ನೋಡಿದರೆ ಬೊಟ್ಟು ಬಳೆಯಂತೆ ಒಣಗಿತ್ತು. ಅಂಚೆಲ್ಲ ಕಪ್ಪು, ನಡುವೆ ಖಾಲಿ. ಯಾರಿಗೂ ಕಾಣದಂತೆ ಸೆರಗಿನಿಂದ ಒರೆಸಿಬಿಟ್ಟಳು. ಆ ವಾರವೇ ಕೂಸು ತೀರಿಕೊಂಡಿತು. ಹುಟ್ಟುವಾಗಲೇ ಹೃದಯ ಸರಿಯಿರಲಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದರು. ಅಡಿವೆವ್ವ ತಲೆಯಾಡಿಸಿದಳೇ ಹೊರತು ನಂಬಲಿಲ್ಲ. ಖಾಲಿ ಉಳಿದ ನಡುವಿನಿಂದ ದೃಷ್ಟಿ ಒಳಹೊಕ್ಕಿತು, ಖಾಲಿ ಬಿಟ್ಟವಳು ತಾನು ಎಂದು ಮನಸ್ಸಿನಲ್ಲೇ ತೀರ್ಮಾನಿಸಿದಳು. ಕರಟ ಗೋಡೆಯ ಗೂಡು ಸೇರಿತು. ಕೇಳಿ ಬಂದವರಿಗೆಲ್ಲ ಕೈ ನಡುಗುತ್ತದೆ ಎಂದು ಸುಳ್ಳು ಹೇಳಿದಳು.

ಈಗ ಮಧುಶ್ರೀ ಮತ್ತೆ ಬಾಣಂತಿ. ಹೆಣ್ಣು ಕೂಸು, ಗುಂಡುಗುಂಡಾಗಿದೆ. ಅಡಿವೆವ್ವ ಕೂಸಿಗೆ ನೀರೆರೆಯುತ್ತಾಳೆ, ಲೋಬಾನದ ಹೊಗೆ ಹಾಕುತ್ತಾಳೆ, ತೊಟ್ಟಿಲು ತೂಗುತ್ತಾಳೆ. ಬೊಟ್ಟಿನ ಮಾತು ಬಂದರೆ ಮಾತ್ರ ಎದ್ದು ಹೋಗುತ್ತಾಳೆ. ಊರ ಕೂಸಿಗೆಲ್ಲ ಬೊಟ್ಟಿಟ್ಟವಳಿಗೆ ಸ್ವಂತ ಮೊಮ್ಮಗಳು ಭಾರವಾದಳೇ ಎಂದು ನೆರೆಮನೆಯ ಮಹಾದೇವಕ್ಕ ಒಂದು ದಿನ ಆಡಿಯೇಬಿಟ್ಟಳು. ಅಡಿವೆವ್ವ ಒಲೆಯ ಮುಂದೆ ಕೂತು ಅತ್ತಳು. ಮಗಳು ಬಿಡದೆ ಕೇಳಿದಾಗ ಎಲ್ಲವನ್ನೂ ಹೇಳಿಕೊಂಡಳು.

ಮಧುಶ್ರೀ ಶಿಗ್ಗಾಂವದ ಕಾಲೇಜೊಂದರ ಪ್ರಯೋಗಶಾಲೆಯಲ್ಲಿ ಸಹಾಯಕಿ. ಗೂಡಿನಿಂದ ಕರಟ ತೆಗೆದು, ಸಾದನ್ನು ನೀರುನೀರಾಗಿ ಕದಡಿ, ಸ್ಟೀಲ್ ತಾಟಿನ ಮೇಲೆ ಒಂದು ಹನಿ ಇಟ್ಟಳು. ಪಕ್ಕದಲ್ಲಿ ಗಟ್ಟಿಯಾಗಿ ತಿಕ್ಕಿದ ಇನ್ನೊಂದು ಹನಿ. ಅಂಗಳದ ಬಿಸಿಲಿನಲ್ಲಿ ತಾಯಿ ಮಗಳು ತಲೆಗೆ ತಲೆ ತಾಗಿಸಿ ಕೂತರು. ಹನಿಯ ಅಂಚು ತಾಟನ್ನು ಕಚ್ಚಿ ಹಿಡಿಯುತ್ತದೆ, ಅಂಚಿನ ನೀರು ಬೇಗ ಆರುತ್ತದೆ, ಆ ಜಾಗ ತುಂಬಲು ನಡುವಿನ ನೀರು ಹರಿದು ಬರುತ್ತ ಕರಿಯ ಕಣಗಳನ್ನೂ ಎಳೆತಂದು ಅಂಚಿನಲ್ಲಿ ಸಾಲಾಗಿ ಕೂರಿಸುತ್ತದೆ ಎಂದು ಮಗಳು ಹೇಳುತ್ತ ಹೋದಳು. ನೋಡುತ್ತಿದ್ದಂತೆ ತೆಳು ಹನಿ ಬಳೆಯಾಯಿತು. ಗಟ್ಟಿ ಹನಿಯ ಕಣಗಳು ಅಂಟಿನೊಳಗೆ ಓಡಲಾರದೆ, ಇದ್ದಲ್ಲೇ ಕೂತು, ಒಂದೇ ಸಮನಾದ ಪದರಾಗಿ ಒಣಗಿದವು.

"ಇದನ್ನ ಕಾಲೇಜಿನಾಗ ಕಲಿಸಿದ್ರೇನ?" ಅಡಿವೆವ್ವ ತಾಟಿನಿಂದ ಕಣ್ಣು ತೆಗೆಯದೆ ಕೇಳಿದಳು.

"ಇಲ್ಲ, ನಾನ ಲ್ಯಾಬಿನ ಸರ್‍ಗೆ ಕೇಳಿ ತಿಳ್ಕೊಂಡೆ." ಮಧುಶ್ರೀ ತಾಟನ್ನು ಪಕ್ಕಕ್ಕೆ ಸರಿಸಿದಳು. "ಆವತ್ತಿನ ಬೊಟ್ಟು ನಾನೂ ನೋಡಿದ್ದೆ ಬೇ, ನಿನಗಿಂತ ಮೊದಲ. ನಿನ್ನ ಮ್ಯಾಲ ಸಿಟ್ಟೂ ಬಂದಿತ್ತು. ಅದಕ್ಕ ಹೋಗಿ ಕೇಳಿದೆ, ಇದು ಬರೇ ನೀರಿನ ಆಟ ಅಂತ ತಿಳೀತು, ಸಿಟ್ಟೂ ಇಳೀತು. ನೀ ನೋಡಿಲ್ಲಂತ ತಿಳಿದಿದ್ದೆ. ಗೊತ್ತಾದ್ರ ನೀ ತಡಕೊಳ್ಳಾಂಗಿಲ್ಲಂತ ಸುಮ್ಮನ ಇದ್ದೆ."

ಮಗಳಿಗೆ ಕಾಣಬಾರದೆಂದು ಅಡಿವೆವ್ವ ಒರೆಸಿದ್ದನ್ನು ಮಗಳು ತಾಯಿಗೋಸ್ಕರವೇ ಇಷ್ಟು ದಿನ ಎದೆಯೊಳಗೆ ಇಟ್ಟುಕೊಂಡಿದ್ದಳು. ಅಡಿವೆವ್ವ ಮಗಳ ಕೆನ್ನೆ ಸವರಿದಳು, ಮತ್ತೆ ಮತ್ತೆ ಸವರಿದಳು. ಇಬ್ಬರೂ ಅತ್ತರು.

ಆಮೇಲೆ ಅಡಿವೆವ್ವ ಕರಟ ಹಿಡಿದು ತೊಟ್ಟಿಲ ಹತ್ತಿರ ಹೋದಳು. ಬೆರಳಿಗೆ ಬಂದಷ್ಟು ಸಾದನ್ನು ಮೊಮ್ಮಗಳ ಹಣೆಗಿಟ್ಟಳು. ಅದು ಹೇಗೆ ಒಣಗುತ್ತದೋ ಎಂದು ಕಾಯಲೇ ಇಲ್ಲ. ಕೂಸನ್ನು ಎತ್ತಿ ಎದೆಗೆ ಅವಚಿಕೊಂಡಳು, ಹಸಿ ಬೊಟ್ಟೆಲ್ಲ ಅವಳ ಕುಪ್ಪಸಕ್ಕೆ ಮೆತ್ತಿತು.