ನಾಲ್ಕೂ ಚಕ್ರಕ್ಕೆ ಇಪ್ಪತ್ತೆರಡು

ಹಿಟ್ಟಿನ ಮಿಲ್ಲಿನ ಮುಂದೆ, ರಾಗಿ ಚೀಲ ಇಟ್ಟುಕೊಂಡು ಕಾಯುತ್ತಿದ್ದ ಏಳೆಂಟು ಜನರ ಎದುರಿಗೆ, ನನ್ನ ತಮ್ಮ ಕೈ ಚಾಚಿ ಕಾರಿನ ಕೀ ಕೇಳಿದ. "ಕೊಡು ಚಿಕ್ಕಕ್ಕ, ಸಾಕು. ಇನ್ಮೇಲೆ ನೀನು ಓಡ್ಸೋದು ಬ್ಯಾಡ." ನನಗೆ ಅರವತ್ತಾರು ವರ್ಷ. ಹೊಳೆನರಸೀಪುರ, ಚನ್ನರಾಯಪಟ್ಟಣ, ಹಾಸನ ಎಂದು ಮೂರು ಊರುಗಳ ಆಸ್ಪತ್ರೆಗಳಲ್ಲಿ ನರ್ಸ್ ಆಗಿ ದುಡಿದು ನಿವೃತ್ತಳಾದವಳು. ನಾನು ಹಿಡಿದ ವಸ್ತುವನ್ನು ಹಾಗೆ ಕೈ ಚಾಚಿ ಕೇಳುವ ಧೈರ್ಯ ವಾರ್ಡಿನಲ್ಲಿ ಯಾರಿಗೂ ಬಂದಿರಲಿಲ್ಲ. ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಕಾರು ನನ್ನದು. ಕರೆಂಟಿನ ಸಣ್ಣ ಕಾರು, ಪೂರ್ತಿ ಚಾರ್ಜ್ ಮಾಡಿದರೆ ನನ್ನ ಓಡಿಸುವಿಕೆಗೆ ನೂರೈವತ್ತು ಕಿಲೋಮೀಟರ್ ಬರುತ್ತದೆ. ಅರಕಲಗೂಡಿನ ಹತ್ತಿರ ಶುಂಠಿ, ಹೊಗೆಸೊಪ್ಪು ಬೆಳೆಯುವ ತಮ್ಮನ ಮನೆಯಲ್ಲಿ ನಾವು ಅಕ್ಕತಂಗಿಯರಿಬ್ಬರೂ ಇದ್ದೇವೆ. ಅಕ್ಕನಿಗೆ ಹೋದ ವರ್ಷ ಲಕ್ವ ಹೊಡೆದು ಎಡಗೈ ಬಿದ್ದುಹೋಯಿತು, ಎಡಗಾಲಿನ ಬಲವೂ ಕುಂದಿತು. ಮಂಗಳವಾರ, ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಹಾಸನದಲ್ಲಿ ಅವಳ ಕೈಗೆ ವ್ಯಾಯಾಮ ಮಾಡಿಸುತ್ತಾರೆ. ಗೊರೂರಿನ ಮೇಲೆ ಹೋಗಿಬರಲು ಅರವತ್ತನಾಲ್ಕು ಕಿಲೋಮೀಟರ್. ಬಸ್ಸಿನಲ್ಲಿ ಅವಳನ್ನು ಹತ್ತಿಸಿ ಇಳಿಸುವುದು ಆಗದ ಮಾತು. ಆರು ತಿಂಗಳು ಒಂದು ದಿನವೂ ತಪ್ಪಿಸದೆ ನಾನೇ ಕರೆದುಕೊಂಡು ಹೋಗಿದ್ದೆ. ಬೆರಳುಗಳು ಆಗತಾನೇ ಸ್ವಲ್ಪ ಮಡಚಲು ಕಲಿತಿದ್ದವು. ಈ ಓಡಾಟ ನಿಂತರೆ ಅವೂ ನಿಲ್ಲುತ್ತವೆಂದು ನನಗೆ ಗೊತ್ತಿತ್ತು. ಇಂಥ ಕೈಗಳನ್ನು ಬೇಕಾದಷ್ಟು ನೋಡಿದ್ದೇನೆ.

ಕಾರನ್ನು ನಾನು ರೋಗಿಯಂತೆ ನೋಡಿಕೊಳ್ಳುತ್ತೇನೆ. ಅದಕ್ಕೊಂದು ಚಾರ್ಟ್ ಇದೆ. ಹೊರಡುವಾಗ ಎಷ್ಟು ಚಾರ್ಜ್, ಬಂದಾಗ ಎಷ್ಟು, ಎಷ್ಟು ಕಿಲೋಮೀಟರ್. ಪ್ರತಿ ತಿಂಗಳು ಒಂದನೇ ತಾರೀಕು, ಹದಿನೈದನೇ ತಾರೀಕು ಬೆಳಿಗ್ಗೆ, ಚಕ್ರ ಉರುಳುವುದಕ್ಕೆ ಮೊದಲು, ನನ್ನದೇ ಮೀಟರಿನಲ್ಲಿ ಟೈರಿನ ಗಾಳಿ ಅಳೆಯುತ್ತೇನೆ. ಮೂವತ್ತಮೂರು ಇರಬೇಕು. ಹಿಂದಿನ ಹದಿನೈದರಂದು ಮೂವತ್ತಮೂರೇ ಇತ್ತು, ಬರೆದಿದ್ದೆ.

ಆ ಶುಕ್ರವಾರ ಮೈ ಕೊರೆಯುವ ಚಳಿ. ಮಂಜು ಎಷ್ಟಿತ್ತೆಂದರೆ ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಮನೆಯ ಗೋಡೆಯ ಪಕ್ಕ ಚಾರ್ಜಿಗೆ ಹಾಕಿದ್ದ ಕಾರು ಅಂಗಳದಿಂದ ಕಾಣುತ್ತಿರಲಿಲ್ಲ. ರಾತ್ರಿ ಕರೆಂಟು ಹೋಗಿ ಚಾರ್ಜ್ ಶೇಕಡ ಐವತ್ತೆಂಟಕ್ಕೇ ನಿಂತಿತ್ತು. ಲೆಕ್ಕ ಹಾಕಿದೆ. ಎಂಬತ್ತೇಳು ಕಿಲೋಮೀಟರ್ ಬರಬೇಕು, ನನಗೆ ಬೇಕಾದ್ದು ಅರವತ್ತನಾಲ್ಕು. ಧಾರಾಳವಾಯಿತು ಎಂದು ಅಕ್ಕನಿಗೆ ಶಾಲು ಹೊದಿಸಿ ಹೊರಟೆ.

ಗೊರೂರು ದಾಟಿ ತಿರುವುಗಳು ಬಂದಾಗ ಕಾರು ಸರಿಯಿಲ್ಲ ಅನ್ನಿಸಿತು. ಸ್ಟೀರಿಂಗ್ ಭಾರ. ತಿರುಗಿಸಿದ ಮೇಲೆ ಒಂದು ಕ್ಷಣ ತಡೆದು ಆಮೇಲೆ ಮೈ ವಾಲಿಸುತ್ತಿತ್ತು, ಚಕ್ರ ಸಡಿಲವಾದ ಸ್ಟ್ರೆಚರ್ ತಳ್ಳಿದ ಹಾಗೆ. ಇಬ್ಬನಿಗೆ ಒದ್ದೆಯಾದ ರಸ್ತೆ ಎಂದುಕೊಂಡು ನಿಧಾನ ಮಾಡಿದೆ. ಅಕ್ಕ ಮಾತ್ರ ಬಹಳ ಗೆಲುವಾಗಿದ್ದಳು.

"ಇವತ್ತು ರಸ್ತೆ ಮೆತ್ತುಗೈತೆ ಕಣೇ," ಅಂದಳು.

ನನ್ನ ಡ್ರೈವಿಂಗಿಗೆ ಸಿಕ್ಕ ಮೆಚ್ಚುಗೆ ಎಂದು ನಾನು ಖುಷಿಪಟ್ಟೆ. ದಡ್ಡಿ.

ಹಾಸನ ಮುಟ್ಟಿದಾಗ ಶೇಕಡ ಇಪ್ಪತ್ತೇಳು. ನನ್ನ ಲೆಕ್ಕದಂತೆ ಮೂವತ್ತೇಳಾದರೂ ಇರಬೇಕಿತ್ತು. ಚಳಿಯಲ್ಲಿ ಬ್ಯಾಟರಿ ಮಂಕಾಗುತ್ತದೆ, ಗಾಜಿನ ಮಂಜು ತೆಗೆಯಲು ಹೀಟರ್ ಹಾಕಿದರೆ ಅದೂ ತಿನ್ನುತ್ತದೆ ಎಂದು ಕಾರು ಕೊಟ್ಟವರು ಹೇಳಿದ್ದರು. ಚಾರ್ಟಿನಲ್ಲಿ "ಚಳಿ" ಎಂದು ಬರೆದೆ. ವಾಪಸು ಬರುವಾಗ ಬಿಸಿಲಿರುತ್ತದೆ, ಹೀಟರ್ ಬೇಡ, ಸಾಕಾಗುತ್ತದೆ ಅಂದುಕೊಂಡೆ. ಹಾಸನದಲ್ಲೇ ಅರ್ಧ ಗಂಟೆ ಚಾರ್ಜಿಗೆ ಹಾಕಬಹುದಿತ್ತು. ಅಕ್ಕನ ತಿಂಡಿ, ಮಾತ್ರೆ ಹತ್ತೂವರೆಗೆ. ಹೊತ್ತು ತಪ್ಪಿಸುವುದು ನನಗೆ ಆಗುವುದಿಲ್ಲ. ಹೊರಟುಬಿಟ್ಟೆ. ಅದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ಅದೊಂದೇ ನನ್ನ ತಪ್ಪು.

ಮನೆ ಇನ್ನು ನಾಲ್ಕು ಕಿಲೋಮೀಟರ್ ಇದೆ ಅನ್ನುವಾಗ ಕಾರು ತೆವಳತೊಡಗಿತು. ರಸ್ತೆ ಪಕ್ಕದ ಹಿಟ್ಟಿನ ಮಿಲ್ಲಿನ ಅಂಗಳಕ್ಕೆ ಹೇಗೋ ತಂದು ನಿಲ್ಲಿಸಿದೆ. ಮಿಲ್ಲಿನವನು ಹಿಟ್ಟು ಮೆತ್ತಿದ ಮುಖ ಹೊರಗೆ ಹಾಕಿ, "ಏನಮ್ಮ, ಕಾರ್ನೂ ಬೀಸ್ಕೊಡ್ಬೇಕಾ?" ಅಂದ. ಚೀಲದ ಮೇಲೆ ಕೂತಿದ್ದ ಒಬ್ಬಳು, "ನುಣ್ಣುಗ್ ಬೇಕಾ, ತರಿ ಬೇಕಾ ಕೇಳ್ಲಾ" ಅಂದಳು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಒಂದು ಪ್ಲಗ್ ಬೇಕು, ಎರಡು ಗಂಟೆ, ಎಂದೆ. ಒಳ್ಳೆಯವನು, ವೈರು ತಾನೇ ಎಳೆದುಕೊಟ್ಟ.

ಅಕ್ಕನ ಮಾತ್ರೆಯ ಹೊತ್ತು ಮೀರುತ್ತಿತ್ತು. ತಮ್ಮನಿಗೆ ಫೋನ್ ಮಾಡಿ ಒಂದು ಆಟೋ ಕಳಿಸು ಅಂದೆ. ಅವನು ಆಟೋದ ಜೊತೆಗೆ ಟ್ರ್ಯಾಕ್ಟರನ್ನೂ ತಂದ, ಹಗ್ಗದ ಸಮೇತ. ಬಂದವನೇ ಕಾರಿನ ಮೂತಿಗೆ ಹಗ್ಗ ಬಿಗಿಯಲು ಬಗ್ಗಿದ.

"ಮುಟ್ಬೇಡ. ಇದನ್ನ ಚಕ್ರ ಉರುಳಿಸಿಕೊಂಡು ಎಳೆಯೋ ಹಾಗಿಲ್ಲ, ಮೋಟಾರ್ ಹಾಳಾಗುತ್ತೆ," ಅಂದೆ.

"ಎಳ್ದ್ರೆ ಆಳಾಯ್ತದಾ? ಅದೆಂತಾ ಕಾರ್ ಕಣಕ್ಕಾ, ತಳ್ಳಂಗಿಲ್ಲ, ಎಳ್ಯಂಗಿಲ್ಲ!"

"ಓದಿದ್ದೀನಿ, ಪುಸ್ತಕದಲ್ಲಿದೆ."

"ಪುಸ್ತಕ್ದಾಗೆ ನಡುದಾರೀಲಿ ನಿಂತ್ಕತದೆ ಅಂತಾನೂ ಬರ್ದಿದ್ರಾ?"

ಜನ ಮತ್ತೆ ನಕ್ಕರು. ಅವರು ನಕ್ಕಿದ್ದೇ ತಡ, ಅವನಿಗೆ ಬಲ ಬಂತು. ವಯಸ್ಸಾಯಿತು, ಅಂದಾಜು ತಪ್ಪುತ್ತಿದೆ, ದೊಡ್ಡಕ್ಕನನ್ನು ಎಲ್ಲಾದರೂ ಹಳ್ಳಕ್ಕೆ ಹಾಕುತ್ತೀಯ ಎಂದು ಶುರುಮಾಡಿದ. ಆಗಲೇ ಕೈ ಚಾಚಿ ಕೀ ಕೇಳಿದ್ದು. ನಾನು ಅಕ್ಕನ ಮುಖ ನೋಡಿದೆ. ಆಟೋದಲ್ಲಿ ಕೂತವಳು ಶಾಲಿನ ಅಂಚು ನೋಡುತ್ತಿದ್ದಳು. ಅವಳಿಗಾಗಿ ಆರು ತಿಂಗಳು ಆರೂವರೆಗೆ ಮನೆ ಬಿಟ್ಟವಳು ನಾನು. ಒಂದು ಮಾತೂ ಅವಳ ಬಾಯಿಂದ ಬರಲಿಲ್ಲ.

"ಕಾರು ಮನೆಗೆ ಬರಲಿ. ಅಲ್ಲಿ ಮಾತಾಡೋಣ," ಅಂದೆ. ಅವರು ಹೋದರು.

ಆ ಎರಡು ಗಂಟೆ ನಾನು ಕೂರಲಿಲ್ಲ. ಕಾರನ್ನು ಸುತ್ತು ಹಾಕಿದೆ. ಎರಡನೇ ಸುತ್ತಿನಲ್ಲಿ ಟೈರು ಕಣ್ಣಿಗೆ ಬಿತ್ತು. ನೆಲಕ್ಕೆ ತಾಗುವ ಕಡೆ ಬಸುರಿಯ ಪಾದದಂತೆ ಊದಿಕೊಂಡಿತ್ತು. ಮೀಟರ್ ತೆಗೆದು ಹಿಡಿದೆ. ಇಪ್ಪತ್ತೆರಡು. ಇನ್ನೊಂದು, ಇಪ್ಪತ್ತೆರಡು. ಹಿಂದಿನವೆರಡೂ ಅಷ್ಟೇ.

ಚಳಿಗೆ ಟೈರಿನ ಗಾಳಿ ಕುಗ್ಗುತ್ತದೆ, ನಿಜ. ಆದರೆ ಒಂದೆರಡು ಇಳಿಯಬಹುದು, ಹನ್ನೊಂದಲ್ಲ. ತೂತು ಬಿದ್ದರೆ ಒಂದು ಚಕ್ರ ಇಳಿಯುತ್ತದೆ. ನಾಲ್ಕೂ ಒಂದೇ ಸಮಕ್ಕೆ ಇಳಿಯಬೇಕಾದರೆ ಅದು ಮನುಷ್ಯನ ಕೈ. ಮೆತ್ತಗಾದ ಟೈರು ನೆಲವನ್ನು ತಬ್ಬಿಕೊಂಡು ಉರುಳುತ್ತದೆ, ಪ್ರತಿ ಗಜಕ್ಕೂ ಬ್ಯಾಟರಿಯಿಂದ ಹೆಚ್ಚು ಎಳೆಯುತ್ತದೆ. ಸ್ಟೀರಿಂಗ್ ಭಾರವಾಗಿದ್ದು, ತಿರುವಿನಲ್ಲಿ ಕಾರು ವಾಲಿದ್ದು, ಎಲ್ಲ ಇದೇ. ಅದರ ಮೇಲೆ ಚಳಿ, ಹೀಟರ್. ಇಷ್ಟೆಲ್ಲ ಸೇರಿ ನನ್ನನ್ನು ಮಿಲ್ಲಿನ ಮುಂದೆ ನಿಲ್ಲಿಸಿ ನಗೆಪಾಟಲು ಮಾಡಿತ್ತು. ನಾನು ಕಾರಿನ ಸುತ್ತ ಒಮ್ಮೆ ನೋಡದೆ ಹದಿನೈದನೇ ತಾರೀಕಿನ ಅಂಕಿಯನ್ನು ನಂಬಿ ಹೊರಟಿದ್ದೆ. ರೋಗಿಯನ್ನು ನೋಡದೆ ಚಾರ್ಟ್ ತುಂಬಿದ ಹುಡುಗಿಯರನ್ನು ನಾನು ಅಳುವವರೆಗೆ ಬೈದದ್ದಿದೆ.

ಮನೆ ಮುಟ್ಟಿದಾಗ ತಮ್ಮ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದ. ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ಚಪ್ಪಲಿ ಬಿಡುವುದಕ್ಕೂ ಮೊದಲೇ ಕೇಳಿದೆ, "ಕಾರಿನ ಗಾಳಿ ಬಿಟ್ಟವರು ಯಾರು?"

"ನಾನೇ. ಬುಧ್ವಾರ ಸಂಜೆ," ಅಂದ, ಲೋಟ ಕೆಳಗಿಡದೆ. "ಅದ್ಕೇನೀಗ? ಕೆಸ್ರು ಗದ್ದೇಗಿಳಿಸೋವಾಗ ಟ್ರ್ಯಾಕ್ಟರ್‌ಗೆ ಗಾಳಿ ಕಮ್ಮಿ ಮಾಡಲ್ವಾ? ಇಡ್ತ ಬತ್ತದೆ, ಮೆತ್ತುಗ್ ಓಯ್ತದೆ. ಮಂಜ್ನಾಗೆ ಜಾರ್ದಂಗಿರ್ಲಿ ಅಂತ ಮಾಡ್ದೆ."

ಅವನಿಗೆ ನಾಚಿಕೆಯೇ ಇರಲಿಲ್ಲ. ತಾನು ಬಿಟ್ಟ ಗಾಳಿಗೂ ಕಾರು ನಿಂತದ್ದಕ್ಕೂ ಸಂಬಂಧವಿದೆ ಎಂದು ಅವನ ತಲೆಗೆ ಹೊಳೆದೇ ಇರಲಿಲ್ಲ! ನಾನು ಏನೇನು ಅಂದೆನೋ ಪೂರ್ತಿ ನೆನಪಿಲ್ಲ. ಟ್ರ್ಯಾಕ್ಟರ್ ಕೆಸರಲ್ಲಿ ಆಮೆಯಂತೆ ಹೋಗುತ್ತದೆ, ಇದು ಡಾಂಬರಿನ ಮೇಲೆ ಅರವತ್ತರಲ್ಲಿ ಹೋಗುತ್ತದೆ. ಆ ತಿರುವಿನಲ್ಲಿ ಎದುರಿಗೆ ಲಾರಿ ಬಂದಿದ್ದರೆ ಅಕ್ಕನನ್ನು ಹಳ್ಳಕ್ಕೆ ಹಾಕಿದವನು ನೀನಾಗುತ್ತಿದ್ದೆ. ಮಾಡಿದ್ದೂ ಅಲ್ಲದೆ ಊರ ಜನರ ಮುಂದೆ ನನಗೆ ಮರುಳೆಂಬ ಹಣೆಪಟ್ಟಿ ಕಟ್ಟಿದೆ. ಇಷ್ಟಂತೂ ಅಂದೆ. ಒಳಗಿನಿಂದ ಅವನ ಹೆಂಡತಿ ಬಂದು ನೋಡಿ ಹಾಗೇ ಹಿಂದಿರುಗಿದಳು.

"ದೊಡ್ಡಕ್ಕನೇ ಏಳಿದ್ದು!" ಎಂದು ಕೊನೆಗೆ ಅವನೂ ಕೂಗಿದ. "ಅದ್ನ ಕೇಳು."

ಅಕ್ಕ ನೆಲ ನೋಡಿಕೊಂಡೇ ಹೇಳಿದಳು. ಲಕ್ವದ ಮೇಲೆ ಅವಳ ಮಾತು ನಿಧಾನ. "ರೋಡ್ ಅಂಪ್ ಮ್ಯಾಲ್ ಕಾರ್ ಎತ್ತಾಕ್ದಾಗೆಲ್ಲ ಭುಜ ಕಿತ್ಕಂಡ್ ಬಂದಂಗಾಯ್ತದೆ ಕಣೇ. ಮೆತ್ತುಗೆ ಮಾಡಕಾಯ್ತದಾ ಅಂತ ಇವುನ್ ಕೇಳ್ದೆ."

"ನನ್ನನ್ನ ಯಾಕೆ ಕೇಳಲಿಲ್ಲ?"

"ಕೇಳಿದ್ನಲ್ಲ. ದೀಪಾವಳಿ ಮುಂಚೆ. 'ಇನ್ ಅತ್ ನಿಮ್ಸ ತಡ್ಕೊ, ಎಂಟಕ್ಕೆ ಮುಟ್ಬೇಕು' ಅಂತ ನೀನಂದೆ. ಆಮೇಲ್ ಕೇಳ್ನಿಲ್ಲ. ನಿಂಗ್ ಏಳಕ್ಕೆ ಯಾರ್ಗ್ ಧೈರ್ಯ ಬತ್ತದೆ?"

ಅಂದದ್ದು ನಿಜವಿರಬೇಕು. ನನಗೆ ನೆನಪಿಲ್ಲ, ಆದರೆ ಆ ಮಾತು ನನ್ನದೇ. ಸಾವಿರ ರೋಗಿಗಳಿಗೆ ಹೇಳಿದ್ದೇನೆ.

ಇದರಿಂದ ಕೋಪ ಇಳಿಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಇನ್ನೂ ಏರಿತು. ನೋವನ್ನು ನನ್ನಿಂದ ಬಚ್ಚಿಟ್ಟ ಅಕ್ಕನ ಮೇಲೆ, ಮಿಲ್ಲಿನ ಮುಂದೆ ಬಾಯಿ ಬಿಡದ ಅಕ್ಕನ ಮೇಲೆ; ನನ್ನ ಮೇಲೆ ಎಷ್ಟು ಎಂದು ಅಳೆಯಲು ಹೋಗಲಿಲ್ಲ. ಕೀಯನ್ನು ತೆಗೆದು ಅವಳ ಮುಂದೆ ಜಗಲಿಯ ಮೇಲೆ ಇಟ್ಟೆ. "ನೀನೇ ಹೇಳು. ಮಂಗಳವಾರ ಯಾರ ಜೊತೆ ಹೋಗ್ತೀಯ? ನನಗೆ ಹೆದರಿಕೊಂಡು ಬರೋದಾದರೆ ಬರಬೇಡ."

ತಮ್ಮ, "ಗೊತ್ತಿರೋರ್ ಕಾರೈತೆ ದೊಡ್ಡಕ್ಕ, ಡ್ರೈವರ್‌ಗೆ ಏಳ್ತೀನಿ," ಅಂದ.

"ಅವುನ್ ನನ್ ಎತ್ತಿ ಕಕ್ಕಸ್ಗೆ ಕರ್ಕೊಂಡೋಯ್ತಾನೇನ್ಲಾ?" ಅಂದಳು ಅಕ್ಕ. ತಮ್ಮ ಲೋಟದೊಳಗೆ ನೋಡಿದ. "ಇವ್ಳ್ ಜೊತೇಲೇ ಓಯ್ತೀನಿ. ಬಯ್ಕೊಂಡಾದ್ರೂ ಕರ್ಕಂಡೋಯ್ತಾಳೆ."

ಕೀ ಎತ್ತಿಕೊಂಡೆ. ತಮ್ಮನಿಗೆ ಕಾಲಿನ ಪಂಪು ತರಲು ಹೇಳಿದೆ. "ಟವ್ನಾಗೆ ಮಿಷಿನ್ನೈತಲ್ಲ," ಅಂದ. ಬೇಡ, ಬಿಟ್ಟವನೇ ತುಂಬಲಿ ಅಂದೆ. ಮೊದಲ ಚಕ್ರ ಮುಗಿಯುವಷ್ಟರಲ್ಲಿ ಅವನ ಅಂಗಿ ಬೆನ್ನಿಗೆ ಅಂಟಿತ್ತು. ನಾನು ಮೀಟರ್ ಹಿಡಿದು ಪಕ್ಕದಲ್ಲಿ ನಿಂತೆ.

"ಸಾಕಾ?"

"ಇಪ್ಪತ್ತೊಂಬತ್ತು. ತುಳಿ."

"ಟ್ರ್ಯಾಕ್ಟರ್‌ಗೆ ಇದ್ರಲ್ಲರ್ಧ ಸಾಕು ಕಣಕ್ಕಾ."

"ತುಳಿ."

ಜಗಲಿಯಿಂದ ಅಕ್ಕ ಕೂಗಿದಳು, "ಒಂದೆಲ್ಡು ಕಮ್ಮೀನೇ ಇರ್ಲಿ ಕಣೇ."

ಆಗುವುದಿಲ್ಲ ಅಂದೆ. ಆಮೇಲೆ ಅವಳ ಕಡೆ ತಿರುಗದೆಯೇ ಹೇಳಿದೆ, "ಹಂಪು ಬಂದಾಗ ನೀನು ಹೇಳು. ಅಲ್ಲೇ ನಿಲ್ಲಿಸಿ, ಆಮೇಲೆ ಮೆಲ್ಲಗೆ ಹತ್ತಿಸ್ತೀನಿ. ಎಂಟು ಗಂಟೆ ಮೀರಿದರೆ ಮೀರಲಿ."