ಹಾರದೆ ಆಡಿದ ಆಟ

ಇಸ್ತ್ರಿ ಅಕ್ಕ ದಿನದ ಮೊದಲ ಇಸ್ತ್ರಿಯನ್ನು ತನ್ನ ಕರ್ಚೀಫಿಗೇ ಹಾಕುತ್ತಾಳೆ. ಇಸ್ತ್ರಿಪೆಟ್ಟಿಗೆಯ ತಳದಲ್ಲಿ ಹಿಂದಿನ ದಿನದ ಗಂಜಿಯೋ ಕಪ್ಪೋ ಅಂಟಿಕೊಂಡಿದ್ದರೆ ಅದು ಗಿರಾಕಿಯ ಬಿಳಿ ಅಂಗಿಗೆ ಹತ್ತುವ ಮೊದಲು ತನ್ನ ಬಟ್ಟೆಗೇ ಹತ್ತಲಿ ಎಂದು. ಲಾಂಡ್ರಿಗೆ ಸೇರಿ ಇಪ್ಪತ್ತಾರು ವರ್ಷವಾಯಿತು, ಒಂದು ದಿನವೂ ತಪ್ಪಿಸಿಲ್ಲ. ಬಲಗೈ ಮಣಿಕಟ್ಟು ಮುರಿದು ಮನೆಯಲ್ಲಿ ಕೂತಿದ್ದಾಗಲೂ ಬೆಳಿಗ್ಗೆ ಮನೆಯ ಸಣ್ಣ ಪೆಟ್ಟಿಗೆಯನ್ನು ಎಡಗೈಯಲ್ಲಿ ಹಿಡಿದು ಕರ್ಚೀಫು ಉಜ್ಜುತ್ತಿದ್ದಳು. ಎಲ್ಲಿಗೆ ಹೊರಟೆ ಎಂದು ಗಂಡ ಕೇಳಿದರೆ, "ಎಲ್ಲಿಗೂ ಇಲ್ಲ. ಮೂಗು ಒರೆಸೋಕೂ ಒಂದು ಮರ್ಯಾದೆ ಬೇಡ್ವಾ?" ಎನ್ನುತ್ತಿದ್ದಳು.

ನಾನು ಅವರ ಎದುರು ಬಾಗಿಲಿನವಳು. ಅವಳು ಬಂದು ಹೇಳಿದ್ದನ್ನೂ ನಾನು ಹೋಗಿ ಕಂಡದ್ದನ್ನೂ ಸೇರಿಸಿ ಇದನ್ನು ಬರೆದಿದ್ದೇನೆ.

ಕೈ ಮುರಿದದ್ದು ಲಾಂಡ್ರಿಯ ಹಿಂಬಾಗಿಲ ಮೆಟ್ಟಿಲ ಮೇಲೆ. ಒದ್ದೆ ನೆಲ, ಎದೆಯೆತ್ತರ ಹಾಸಿಗೆ ಬಟ್ಟೆಯ ಗಂಟು, ಕಾಲು ಕಾಣಲಿಲ್ಲ. ಆರು ವಾರ ಕಟ್ಟು ಹಾಕಿದರು. ಕಟ್ಟು ಬಿಚ್ಚಿದಾಗ ಕೈ ತನ್ನದಲ್ಲ, ಯಾರೋ ನೋಡಿಕೊಳ್ಳಲು ಬಿಟ್ಟುಹೋದದ್ದು ಅನ್ನಿಸಿತಂತೆ. ಬೆರಳುಗಳನ್ನು ಮಡಿಸಲು ಆಗುತ್ತಿರಲಿಲ್ಲ. ಮನೆಯಲ್ಲಿ ಕೂತು ತಿನ್ನುವವಳಿಗಾದರೆ ಅದು ಅಷ್ಟೇನೂ ದೊಡ್ಡದಲ್ಲ. ಅಕ್ಕನ ಮೇಜಿನ ಪೆಟ್ಟಿಗೆ ಎರಡೂವರೆ ಕಿಲೋ ಭಾರದ್ದು. ಆವಿ ಬಿಡಬೇಕೆಂದರೆ ಹಿಡಿಯ ಕೆಳಗಿರುವ ಕೊಂಡಿಯನ್ನು ನಡುಬೆರಳಿನಿಂದ ಎಳೆಯಬೇಕು. ದಿನಕ್ಕೆ ಎಂಟು ಗಂಟೆ ಅದೇ ಬೆರಳು, ಅದೇ ಕೊಂಡಿ.

ಲಾಂಡ್ರಿಯ ಯಜಮಾನರು ಮನೆಗೇ ಬಂದು ನೋಡಿಕೊಂಡು ಹೋದರು. ಒಳ್ಳೆಯ ಮನುಷ್ಯ, ಕುರ್ಚಿಯ ತುದಿಯಲ್ಲಿ ಕೂತು ನೀರು ಕುಡಿದು ವಿಷಯ ಹೇಳಿದರು. ಅಕ್ಕನ ಮೇಜಿಗೆ ಸದ್ಯಕ್ಕೆ ಬೇರೊಬ್ಬನನ್ನು ನಿಲ್ಲಿಸಿದ್ದಾರೆ. ಮುಂದಿನ ತಿಂಗಳು ಮುಗಿದು ಬರುವ ಒಂದನೇ ತಾರೀಖಿನೊಳಗೆ ಕೈ ಸರಿಯಿದೆ, ಹಿಡಿತ ಇಪ್ಪತ್ತು ಕಿಲೋ ಬರುತ್ತದೆ ಎಂದು ಫಿಜಿಯೋಥೆರಪಿಯವರಿಂದ ಕಾಗದ ತಂದರೆ ಮೇಜು ಅಕ್ಕನದ್ದೇ. ಇಲ್ಲದಿದ್ದರೆ ಅವನು ಕಾಯಂ, ಅಕ್ಕ ಮುಂದಿನ ಕೌಂಟರಿಗೆ. ಸಂಬಳ ಕಡಿಮೆ ಮಾಡುವುದಿಲ್ಲ, ಕೂತು ಮಾಡುವ ಕೆಲಸ, ಯೋಚಿಸಿ ನೋಡಿ ಎಂದರು.

ಅವರು ಮೆಟ್ಟಿಲಿಳಿದ ಮೇಲೆ ಗಂಡ, ಅದರಲ್ಲಿ ತಪ್ಪೇನಿದೆ, ಕಾಲಿಗೂ ವಿಶ್ರಾಂತಿ ಸಿಗುತ್ತದೆ ಎಂದನಂತೆ. ಅವನು ಸಿಟಿ ಬಸ್ ಡ್ರೈವರು, ಕೂತು ಮಾಡುವ ಕೆಲಸದ ಸುಖ ಬಲ್ಲವನು.

"ಅವನ್ಯಾರೋ ಸುಟ್ಟ ಅಂಗಿಗೆ ನಾನು ಕೌಂಟರಲ್ಲಿ ಕೂತು ಹಲ್ಲು ಕಿರಿದು ಸಾರಿ ಕೇಳೋದಾ?" ಎಂದಳು ಅಕ್ಕ. "ನನ್ನ ಮೇಜು ನನಗೆ ಬೇಕು."

ಮಾತು ಅಲ್ಲಿಗೆ ಮುಗಿಯಿತು.

ಫಿಜಿಯೋಥೆರಪಿ ಮೇಡಂ ಒಂದು ರಬ್ಬರ್ ಚೆಂಡು ಕೊಟ್ಟು ದಿನಕ್ಕೆ ಇನ್ನೂರು ಸಲ ಹಿಸುಕಲು ಹೇಳಿದ್ದರು. ಅಕ್ಕ ನಾಲ್ಕು ದಿನ ಹಿಸುಕಿದಳು. ಐದನೇ ದಿನ ಚೆಂಡು ಮಂಚದ ಕೆಳಗೆ ಹೋಯಿತು, ಅವಳು ಹುಡುಕಲಿಲ್ಲ. ಹಿಸುಕಿದರೆ ರಸವಾದರೂ ಬರಬೇಕು ಎಂಬುದು ಅವಳ ವಾದ.

ಮಗಳು ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಚಿಕ್ಕವಳಿದ್ದಾಗ ಸೋಡಾ ಅಂಗಡಿಯ ವಿಡಿಯೋ ಗೇಮಿನಲ್ಲಿ ರೌಡಿಗಳನ್ನು ಹೊಡೆದು ಮಲಗಿಸುತ್ತಿದ್ದೆ ಎಂದು ಅಮ್ಮ ಕೊಚ್ಚಿಕೊಳ್ಳುವುದನ್ನು ಅವಳು ಹುಟ್ಟಿದಂದಿನಿಂದ ಕೇಳಿದ್ದಳು. ಆ ಹಳೆಯ ಹೊಡೆದಾಟದ ಆಟ ಇಷ್ಟು ವರ್ಷದ ಮೇಲೆ ಹೊಸದಾಗಿ ಬಂದಿದೆ ಎಂದು ಅಂಗಡಿಯಲ್ಲಿ ತಿಳಿಯಿತು. ಬೆರಳಿಗೆ ಕೆಲಸ ಸಿಕ್ಕರೆ ಸಾಕು, ಅದು ಯಾವುದಾದರೂ ಸರಿ ಎಂದು ಮೇಡಂ ಕೂಡ ಒಪ್ಪಿದರು. ಮಗಳು ಆಟವನ್ನು ಟಿವಿಗೆ ಹಾಕಿಕೊಟ್ಟು, ಆಟ ಆಡಿಸಲು ಹಳೆಯ ಕಾಲದ ಮಾದರಿಯ ಎರಡು ಹಲಗೆಗಳನ್ನೂ ತಂದಳು. ಹಲಗೆಯ ಎಡಕ್ಕೆ ಗುಂಡು ತಲೆಯ ಒಂದು ಕಡ್ಡಿ, ಬಲಕ್ಕೆ ಸಾಲಾಗಿ ಮೂರು ಬಟನ್. ತೋರುಬೆರಳಿಗೆ ಹೊಡೆತ, ನಡುಬೆರಳಿಗೆ ಜಂಪು, ಉಂಗುರಬೆರಳಿಗೆ ಸುತ್ತ ಇರುವವರನ್ನೆಲ್ಲ ಒಟ್ಟಿಗೆ ಬೀಳಿಸುವ ದೊಡ್ಡ ಏಟು.

ಆಟ ಸರಳ. ಊರನ್ನು ರೌಡಿಗಳು ಹಿಡಿದುಕೊಂಡಿದ್ದಾರೆ, ನಾವು ಬೀದಿಯಲ್ಲಿ ಬಲಕ್ಕೆ ನಡೆಯುತ್ತ ಹೋಗಬೇಕು, ಅಡ್ಡ ಬಂದವರನ್ನು ಹೊಡೆಯಬೇಕು. ಪೀಪಾಯಿ ಒಡೆದರೆ ಒಳಗೆ ಸೇಬು ಇರುತ್ತದೆ, ತಿಂದರೆ ಕಳೆದುಹೋದ ಜೀವ ಮರಳುತ್ತದೆ. ಪ್ರತಿ ಸೀನಿನ ಕೊನೆಗೆ ಒಬ್ಬ ದೊಡ್ಡ ರೌಡಿ. ಹೊಸದರಲ್ಲಿ ಚಿತ್ರಗಳು ಕೈಯಲ್ಲಿ ಬರೆದ ಹಾಗಿವೆ, ಬಣ್ಣ ಚೆನ್ನಾಗಿದೆ. ಆಡುವವರಿಗೆ ವಯಸ್ಸಾದ ಹಾಗೆ ಒಳಗಿನವರಿಗೂ ವಯಸ್ಸು ಮಾಡಿದ್ದಾರೆ. ಅಕ್ಕ ಆಗ ಆಡುತ್ತಿದ್ದ ಜುಟ್ಟಿನ ಹುಡುಗಿಗೆ ಈಗ ಕಿವಿಯ ಹತ್ತಿರ ನರೆ, ಮಂಡಿಗೆ ಪಟ್ಟಿ.

"ಪಾಪ, ಇವಳೂ ಎಲ್ಲೋ ಬಿದ್ದಿದ್ದಾಳೆ" ಎಂದು ಅಕ್ಕ ಬೇರೆ ಯಾರನ್ನೂ ನೋಡದೆ ಅವಳನ್ನೇ ಆರಿಸಿಕೊಂಡಳು.

ಇನ್ನೊಂದು ಹಲಗೆ ಗಂಡನಿಗೆ ಹೋಯಿತು. ಬೆಳಗಿನ ಪಾಳಿ ಮುಗಿಸಿ ಬಂದವನು ಸಂಜೆ ಹೇಗೂ ಟಿವಿ ಮುಂದೆ ಕೂರುತ್ತಿದ್ದ. ಇದ್ದವರಲ್ಲೆಲ್ಲ ದಪ್ಪಗಿರುವ ಗಡ್ಡದವನನ್ನು ಅವನು ತೆಗೆದುಕೊಂಡ. ಪ್ರತಿದಿನ ಒಂದು ಗಂಟೆ ಇಬ್ಬರೂ ಪಕ್ಕಪಕ್ಕದಲ್ಲಿ ಕೂತು ಬೀದಿ ಗುಡಿಸುವವರ ಹಾಗೆ ರೌಡಿಗಳನ್ನು ಬಲಕ್ಕೆ ತಳ್ಳಿಕೊಂಡು ಹೋಗುತ್ತಿದ್ದರು. ಜಗಳವಾಗುತ್ತಿದ್ದದ್ದು ಸೇಬಿನ ವಿಷಯಕ್ಕೆ ಮಾತ್ರ.

"ನನಗೆ ಜೀವ ಇಷ್ಟೇ ಇಷ್ಟು ಉಳಿದಿತ್ತು. ಆ ಸೇಬು ನೀವ್ಯಾಕೆ ತಿಂದ್ರಿ?"

"ದಾರೀಲಿ ಬಿದ್ದಿತ್ತು, ತಿಂದೆ."

"ಮದುವೆ ಆದಾಗಿಂದ ಇದೇ ಬುದ್ಧಿ."

ಮೂರು ವಾರ ಹೀಗೆ ಹೋಯಿತು. ಮೇಡಂ ವಾರಕ್ಕೊಮ್ಮೆ ಅಳೆಯುತ್ತಿದ್ದರು. ತೋರುಬೆರಳು ಪಳಗಿತು, ಉಂಗುರಬೆರಳೂ ಪಳಗಿತು. ನಡುಬೆರಳು ಮಾತ್ರ ಕಟ್ಟು ಬಿಚ್ಚಿದ ದಿನ ಹೇಗಿತ್ತೋ ಹಾಗೇ ಇತ್ತು. ಅದೊಂದು ಸೋತದ್ದರಿಂದ ಒಟ್ಟು ಹಿಡಿತ ಹನ್ನೆರಡು ಕಿಲೋದಿಂದ ಮೇಲೇಳಲಿಲ್ಲ. ಮೇಡಂಗೆ ಅರ್ಥವಾಗಲಿಲ್ಲ. ನಿಜವಾಗಿಯೂ ದಿನಾ ಮಾಡುತ್ತಿದ್ದೀರಾ ಎಂದು ಎರಡೆರಡು ಸಲ ಕೇಳಿದರು. ಅಕ್ಕನಿಗೆ ಆ ಪ್ರಶ್ನೆ ಚುಚ್ಚಿತು. ಅವಳು ಒಂದು ದಿನವೂ ಬಿಟ್ಟಿರಲಿಲ್ಲ.

ಒಂದನೇ ತಾರೀಖಿಗೆ ಹದಿಮೂರು ದಿನ ಉಳಿದಿತ್ತು. ಆ ದಿನ ಭಾನುವಾರ, ಮಗಳಿಗೆ ರಜೆ. ಅಪ್ಪ ಅಮ್ಮ ಆಡುವುದನ್ನು ಮೊದಲ ಬಾರಿಗೆ ಪೂರ್ತಿ ಕೂತು ನೋಡಿದಳು. ನಾನೂ ಅಲ್ಲೇ ಇದ್ದೆ. ನಾಲ್ಕನೇ ಸೀನಿನಲ್ಲಿ ಒಂದು ಮರದ ಸೇತುವೆ ಬರುತ್ತದೆ. ಹಳೆಯ ಆಟದಲ್ಲಿದ್ದದ್ದನ್ನೇ ನೆನಪಿಗೆಂದು ಇಲ್ಲೂ ಇಟ್ಟಿದ್ದಾರೆ. ನಡುವೆ ಹಲಗೆ ಮುರಿದು ಕೆಳಗೆ ನೀರು ಕಾಣುತ್ತದೆ. ಗಡ್ಡದವನು ಜಿಗಿದು ಆಚೆ ಹೋದ. ಅಕ್ಕನ ಜುಟ್ಟಿನವಳು ನಡೆದುಕೊಂಡು ಹೋಗಿ ನೀರಿಗೆ ಬಿದ್ದಳು. ಮತ್ತೆ ಬಂದಳು, ಮತ್ತೆ ಬಿದ್ದಳು. ಮೂರು ಜೀವವೂ ಹೋಯಿತು. ಅಕ್ಕ ಆಟದ ಹಲಗೆ ಕೆಳಗಿಟ್ಟು ಟಿವಿ ಆರಿಸಲು ಎದ್ದಳು.

"ಯಾಕಮ್ಮ ಆಫ್ ಮಾಡ್ತೀಯ?"

"ಆಟ ಮುಗೀತಲ್ಲ."

"ಎಲ್ಲಿ ಮುಗೀತು? ಇನ್ನೂ ಎಂಟು ಸೀನಿದೆ."

"ನೀನು ಹುಟ್ಟೋಕೆ ಮುಂಚೆ ಆಡಿದ್ದು ಕಣೇ ನಾನು. ಇದು ಸೇತುವೆ ಹತ್ರ ಮುಗಿಯುತ್ತೆ."

ಮಗಳು ಅಪ್ಪನ ಕಡೆ ತಿರುಗಿದಳು. ಇಷ್ಟು ದಿನ ನೀವಾದರೂ ಹೇಳಬಾರದಿತ್ತೇ ಎಂದು ಕೇಳಿದ್ದಕ್ಕೆ, ನಿಮ್ಮಮ್ಮನಿಗೆ ಕೈ ನೋವು ಬಂದು ಎದ್ದಳು ಅಂದುಕೊಂಡಿದ್ದೆ ಎಂದ. ಮಗಳು ಅಮ್ಮನನ್ನು ಮತ್ತೆ ಕೂರಿಸಿ, ಜಂಪ್ ಬಟನ್ ಒತ್ತು ಎಂದಳು.

"ಅದು ಕೆಲಸ ಮಾಡಲ್ಲ" ಎಂದಳು ಅಕ್ಕ.

ಆಗ ನಮಗೆಲ್ಲ ಅವಳ ಕೈ ಕಂಡಿತು. ತೋರುಬೆರಳು ಒಂದು ಬಟನ್ ಮೇಲೆ, ಉಂಗುರಬೆರಳು ಇನ್ನೊಂದರ ಮೇಲೆ. ನಡುಬೆರಳು ಮಾತ್ರ ಬಿಸಿ ಪಾತ್ರೆಯ ಮೇಲೆ ಹಿಡಿದಂತೆ ಗಾಳಿಯಲ್ಲಿ ನೆಟ್ಟಗೆ ನಿಂತಿತ್ತು.

ನಿಧಾನವಾಗಿ ಕೇಳುತ್ತ ಹೋದಾಗ ಕತೆ ಹೊರಗೆ ಬಂತು. ಅವಳಿಗಾಗ ಹನ್ನೆರಡು ವರ್ಷ. ಸೋಡಾ ಅಂಗಡಿಯಲ್ಲಿದ್ದದ್ದು ಒಂದೇ ಯಂತ್ರ, ಇಬ್ಬರು ನಿಂತು ಆಡುವಂಥದ್ದು. ಬಲಗಡೆಯ ನಡುವಿನ ಬಟನ್ ಕೆಟ್ಟುಹೋಗಿತ್ತು. ಅದರೊಳಗಿನ ತಂತಿ ಎಲ್ಲೋ ತಗಲುತ್ತಿತ್ತೇನೋ, ಮುಟ್ಟಿದರೆ ಮೊಣಕೈವರೆಗೆ ಜುಮ್ ಎನ್ನುತ್ತಿತ್ತು. ಅಂಗಡಿಯವನು ಮೇಲೆ ಕಪ್ಪು ಟೇಪು ಸುತ್ತಿದ್ದ, ಅದೂ ಕಿತ್ತು ಬಂದಿತ್ತು. ಗಂಡು ಹುಡುಗರು ಮೊದಲೇ ನುಗ್ಗಿ ಎಡಗಡೆ ಹಿಡಿಯುತ್ತಿದ್ದರು. ಅವಳಿಗೆ ಯಾವಾಗಲೂ ಬಲಗಡೆಯೇ ಸಿಗುತ್ತಿತ್ತು. ಹಾಗಾಗಿ ಹಾರದೆ ಆಡುವುದನ್ನು ಕಲಿತಳು. ಏಟು ಬಂದರೆ ಜಿಗಿಯುವ ಬದಲು ಬೀದಿಯಲ್ಲಿ ಒಂದು ಹೆಜ್ಜೆ ಮೇಲಕ್ಕೋ ಕೆಳಕ್ಕೋ ಸರಿದು ನಿಲ್ಲುವುದು. ಅದರಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ. ಮೂರು ಸೀನು ಗೆಲ್ಲುತ್ತಿದ್ದಳು, ನಾಲ್ಕನೆಯದರ ಸೇತುವೆಯಲ್ಲಿ ಬೀಳುತ್ತಿದ್ದಳು, ನನ್ನ ಆಟ ಮುಗಿಯಿತು ಎಂದು ಮನೆಗೆ ಹೋಗುತ್ತಿದ್ದಳು. ಎಡಗಡೆಯ ಹುಡುಗ ಆಮೇಲೂ ಆಡುತ್ತಿದ್ದ ಎಂಬುದು ಅವಳ ಬೆನ್ನ ಹಿಂದೆ ನಡೆದ ಸಂಗತಿ.

ಮಗಳು ನಗಲು ಬಾಯಿ ತೆರೆದವಳು ಅರ್ಧದಲ್ಲೇ ನಿಲ್ಲಿಸಿ, ಅಮ್ಮನ ನಡುಬೆರಳನ್ನು ಹಿಡಿದು ಬಟನ್ ಮೇಲಿಟ್ಟಳು. ಬೆರಳು ತಾನಾಗಿ ಎದ್ದು ನಿಂತಿತು. ಮತ್ತೆ ಇಟ್ಟಳು. ಅದೂ ಹಾಗೇ ಎದ್ದಿತು.

"ಮೇಡಂ ಕೇಳಿದ್ದು ಸರಿಯಾಗೇ ಇತ್ತು" ಎಂದಳು ಅಕ್ಕ. "ಇದು ಮೂವತ್ತೆಂಟು ವರ್ಷದಿಂದ ರಜದಲ್ಲಿದೆ. ಲಾಂಡ್ರೀಲಿ ದುಡಿಯುತ್ತೆ, ಇಲ್ಲಿ ಬಂದರೆ ಯಜಮಾನನ ಹಾಗೆ ನಿಲ್ಲುತ್ತೆ."

ಅಂದಿನಿಂದ ಅವಳು ಹಾರಲು ಕಲಿತಳು. ಸೇತುವೆ ಇರಲಿ ಬಿಡಲಿ, ಹೊಡೆಯಲು ಯಾರೂ ಇಲ್ಲದ ಬೀದಿಯಲ್ಲೂ ಜುಟ್ಟಿನವಳು ಹೆಜ್ಜೆಗೊಂದು ಸಲ ನೆಗೆಯುತ್ತಿದ್ದಳು. ಗಡ್ಡದವನು ಒಬ್ಬನೇ ಹೊಡೆದಾಡಬೇಕಾಗಿ ಬಂದು ಗಂಡನಿಗೆ ಸಾಕಾಯಿತು. ಸ್ಪೀಡ್‌ಬ್ರೇಕರ್ ಮೇಲೆ ನನ್ನ ಬಸ್ಸು ಕೂಡ ಇಷ್ಟು ಎಗರುವುದಿಲ್ಲ ಎಂದು ಗೊಣಗಿದ. ಮೊದಲ ನಾಲ್ಕು ದಿನ ಬೆರಳು ಊದಿಕೊಂಡಿತು. ಆಟ ಮುಗಿದ ಮೇಲೆ ಬಿಸಿನೀರಿನ ಪಾತ್ರೆಯಲ್ಲಿ ಕೈ ಅದ್ದಿಕೊಂಡು ಕೂರುತ್ತಿದ್ದಳು. ನಾನು ಆ ದಿನಗಳಲ್ಲಿ ಸಂಜೆಯ ಪ್ರಾರ್ಥನೆಗೆ ಅವಳ ನಡುಬೆರಳನ್ನೂ ಸೇರಿಸಿಕೊಂಡೆ. ಕೇಳುವವನಿಗೆ ಬೆರಳೇನೂ ಚಿಕ್ಕ ವಿಷಯವಲ್ಲ.

ಎಂಟನೇ ದಿನ ಸೇತುವೆ ದಾಟಿದಳು. ಎರಡು ಜೀವ ನೀರಿಗೆ ಹೋಗಿ, ಮೂರನೆಯದರಲ್ಲಿ ಬೆರಳು ಸರಿಯಾದ ಹೊತ್ತಿಗೆ ಕೆಳಗಿಳಿಯಿತು. ಜುಟ್ಟಿನವಳು ಆಚೆ ಹಲಗೆಯ ಮೇಲೆ ಮಂಡಿ ಮಡಿಸಿ ಇಳಿದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಏಕೆಂದರೆ ಆ ಕಡೆ ಆಗಲೇ ನಾಲ್ವರು ರೌಡಿಗಳು ಕಾದಿದ್ದರು. ಅವರನ್ನು ಮುಗಿಸಿದ ಮೇಲೆ ಐದನೇ ಸೀನು ತೆರೆಯಿತು. ಓಡುವ ರೈಲಿನ ಚಾವಣಿ, ಎರಡೂ ಕಡೆ ಹಳದಿ ಹೊಲ, ದೂರದಲ್ಲಿ ಬೆಟ್ಟದ ಸಾಲು.

ಅಕ್ಕ ಕಡ್ಡಿ ಬಿಟ್ಟು ನೋಡಿದಳು.

"ಇದೆಲ್ಲ ಆಗಲೂ ಇತ್ತಾ?"

"ಇತ್ತು" ಎಂದ ಗಂಡ. ಅವನು ಚಿಕ್ಕಂದಿನಲ್ಲಿ ಬೇರೊಂದು ಅಂಗಡಿಯಲ್ಲಿ ಆಡಿದ್ದನಂತೆ, ಎಡಗಡೆ ನಿಂತು. ಆಮೇಲೆ ಒಂದು ಪೀಪಾಯಿ ಒಡೆದು ಸೇಬು ಉರುಳಿದಾಗ ಗಡ್ಡದವನು ಅದರ ಪಕ್ಕಕ್ಕೆ ಹೋಗಿ ಸುಮ್ಮನೆ ನಿಂತ.

ಮಾರನೆಯ ದಿನ ಮೆಟ್ಟಿಲ ಹತ್ತಿರ ಸಿಕ್ಕಾಗ ಅಕ್ಕ ನನಗೆ ಹೇಳಿದ್ದು ಇಷ್ಟು: ಒಂದು ದಿನ ನಾನು ಎಡಗಡೆ ನಿಲ್ಲುತ್ತೇನೆ ಎಂದು ಬಾಯಿಬಿಟ್ಟು ಕೇಳಿದ್ದರೆ ಸಾಕಿತ್ತು, ಕೇಳಬಹುದು ಅಂತಲೇ ಹೊಳೆಯಲಿಲ್ಲ. ಹೇಳಿ ತರಕಾರಿ ಚೀಲ ಎತ್ತಿಕೊಂಡು ಒಳಗೆ ಹೋದಳು. ಬಲಗೈಯಲ್ಲೇ ಎತ್ತಿಕೊಂಡಳು.

ಅಳತೆಗೆ ಕೊನೆಯ ದಿನ ಗಂಡನಿಗೆ ಡ್ಯೂಟಿ ಇದ್ದದ್ದರಿಂದ ನಾನು ಜೊತೆಗೆ ಹೋದೆ. ಫಿಜಿಯೋಥೆರಪಿ ಕೋಣೆಯಲ್ಲಿ ಒಂದು ಎತ್ತರದ ಮಂಚ, ಗೋಡೆಗೆ ಹಗ್ಗ ರಾಟೆ, ಮೇಜಿನ ಮೇಲೆ ಹಿಡಿತ ಅಳೆಯುವ ಯಂತ್ರ. ಮೇಡಂ ಮೊದಲು ನಡುಬೆರಳನ್ನು ಮಡಿಸಿ ಬಿಡಿಸಿ ನೋಡಿದರು. ಇಷ್ಟು ಕಡಿಮೆ ದಿನದಲ್ಲಿ ಇಷ್ಟು ಹೇಗಾಯಿತು ಎಂದು ಕೇಳಿದರು. ಅಕ್ಕ ಸೋಡಾ ಅಂಗಡಿಯ ಕತೆ ಹೇಳಿದಳು. ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

ಆಮೇಲೆ ಯಂತ್ರ ಕೈಗೆ ಕೊಟ್ಟರು. ಅಕ್ಕ ಕಣ್ಣುಮುಚ್ಚಿ ಒತ್ತಿದಳು. ಮುಳ್ಳು ಹದಿನೇಳಕ್ಕೆ ಹೋಗಿ ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಒತ್ತಿದಳು, ಹದಿನೆಂಟು. ಮೂರನೇ ಸಲ ಕುತ್ತಿಗೆಯ ನರ ಉಬ್ಬುವಷ್ಟು ಒತ್ತಿದಳು. ಹದಿನೆಂಟೇ.

ಮೇಡಂ ಕಾಗದ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದರು. ಬೇಕಾದದ್ದು ಎಷ್ಟು ಎಂದು ಅವರಿಗೂ ಗೊತ್ತಿತ್ತು.

"ಎರಡು ಕಿಲೋ ಏನು ಮಹಾ" ಎಂದರು. "ಇಪ್ಪತ್ತು ಅಂತ ಬರೀತೀನಿ. ಕೆಲಸ ಶುರು ಮಾಡಿದ ಮೇಲೆ ಹದಿನೈದು ದಿನದಲ್ಲಿ ತಾನಾಗೇ ಬರುತ್ತೆ. ನಿಮ್ಮಷ್ಟು ಕಷ್ಟಪಟ್ಟವರಿಗೆ ಇಷ್ಟೂ ಮಾಡದಿದ್ರೆ ಹೇಗೆ?"

ಹೂಂ ಅನ್ನು ಅಕ್ಕ, ಎಂದು ನಾನು ಮನಸ್ಸಿನಲ್ಲೇ ಹೇಳಿದೆ. ಅದನ್ನು ಮುಚ್ಚಿಡುವುದಿಲ್ಲ.

ಅಕ್ಕ ಯಂತ್ರವನ್ನು ಮೇಜಿನ ಮೇಲೆ ಮೆಲ್ಲಗಿಟ್ಟು, ಮೂರು ಸಲ ಒತ್ತಿ ನಡುಗುತ್ತಿದ್ದ ಬಲಗೈಯನ್ನು ಮೇಡಂ ಮುಂದೆ ಚಾಚಿ ತೋರಿಸಿದಳು.

"ಬೇಡ ಮೇಡಂ. ಹದಿನೆಂಟು ಅಂತಲೇ ಬರೀರಿ. ಮಧ್ಯಾಹ್ನದ ಹೊತ್ತಿಗೆ ಕೈ ಹೀಗಾದರೆ ಇಸ್ತ್ರಿಪೆಟ್ಟಿಗೆ ನಿಮ್ಮ ಕಾಗದ ಓದಿ ನಿಲ್ಲಲ್ಲ, ಪಕ್ಕದ ಮೇಜಿನವಳ ಕಾಲ ಮೇಲೆ ಬೀಳುತ್ತೆ."

"ಯಜಮಾನರು ಒಪ್ಪದಿದ್ರೆ?"

"ಇನ್ನು ಹದಿನೈದು ದಿನ ಕೊಡಿ ಅಂತ ಬಾಯಿಬಿಟ್ಟು ಕೇಳ್ತೀನಿ. ಕೊಡದಿದ್ರೆ ಕೌಂಟರು. ನೀವು ಹದಿನೆಂಟು ಬರೀರಿ."